ಮಕ್ಕಳ ಮನೆಗೆ ಪರದೇಶಕ್ಕೆ ಹೊರಟವರಿಗೆ: ಸಂಡಾಸದ ಬಗ್ಗೆ ಯಾರೂ ಹೇಳದ ಮಾತು

ಧಾರವಾಡ, ಹುಬ್ಬಳ್ಳಿ ಕಡೆ ಈಗ ಯಾವ ಓಣಿಗೆ ಹೋದರೂ ಮಗನೋ ಮಗಳೋ ಪರದೇಶದಲ್ಲಿರುವ ಒಂದೆರಡು ಮನೆಗಳು ಸಿಗುತ್ತವೆ. ಮಗಳ ಬಾಣಂತನ, ಮೊಮ್ಮಗನ ಹುಟ್ಟುಹಬ್ಬ ಎಂದು ತಾಯಿ ತಂದೆ ವಿಮಾನ ಹತ್ತುತ್ತಾರೆ. ಹೊರಡುವ ತಿಂಗಳು ಮನೆಯಲ್ಲಿ ಸಡಗರವೇ ಸಡಗರ. ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಬಾಣಂತಿಗೆ ಅಂಟಿನುಂಡಿ, ಬಿಪಿ ಗುಳಿಗೆ, ವೀಸಾ, ವಿಮೆ, ಸ್ವೆಟರ್, ಎಲ್ಲದರ ಪಟ್ಟಿ ಆಗುತ್ತದೆ. ಅಲ್ಲಿ ಸಂಡಾಸ ಹೇಗಿರುತ್ತದೆ ಎಂದು ನಾವು ಕೇಳುವುದಿಲ್ಲ, ಮಕ್ಕಳೂ ಹೇಳುವುದಿಲ್ಲ. ಇಬ್ಬರಿಗೂ ಸಂಕೋಚ.

ಆ ಸಂಕೋಚದ ಬೆಲೆ ಕೊಡುವುದು ನಮ್ಮ ವಯಸ್ಸಿನ ಮೈ. ಹೊರಗೆ ಹೋದಾಗ ಸಂಡಾಸಕ್ಕೆ ಹೋಗುವುದು ತಪ್ಪಲಿ ಎಂದು ನೀರು ಕುಡಿಯುವುದನ್ನೇ ಬಿಟ್ಟವರನ್ನು, ಕಾಗದಕ್ಕೆ ಅಸಹ್ಯಪಟ್ಟು ಮೂರು ನಾಲ್ಕು ದಿನ ಹೊಟ್ಟೆ ಕಟ್ಟಿಸಿಕೊಂಡವರನ್ನು ನಾನು ಬಲ್ಲೆ. ಅಮೆರಿಕದಲ್ಲಿರುವ ಮಗಳ ಮನೆಗೆ ಎರಡು ಸಲ, ಜರ್ಮನಿಯಲ್ಲಿರುವ ಮಗನ ಮನೆಗೆ ಒಂದು ಸಲ ಹೋಗಿ ಬಂದಿದ್ದೇನೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕೈ ತೊಳೆಯುವುದನ್ನು ಕಲಿಸಿದವಳು ನಾನು. ಹಾಗಾಗಿ ಈ ವಿಷಯವನ್ನು ಬಿಚ್ಚಿ ಹೇಳಲು ನನಗೆ ನಾಚಿಕೆ ಇಲ್ಲ.

ನೆಲ ನೋಡುವುದನ್ನು ಕಲಿಯಿರಿ

ನನ್ನ ಮೊದಲ ಪ್ರಯಾಣದಲ್ಲಿ ಏನಾಯಿತೆಂದು ಹೇಳುತ್ತೇನೆ. ಮಗಳ ಮನೆ ಎರಡು ಅಂತಸ್ತಿನದು, ಸಂಡಾಸ ಮೇಲಿನ ಅಂತಸ್ತಿನಲ್ಲಿ. ಅಲ್ಲಿ ನೀರಿನ ನಳವಿಲ್ಲ, ಕಾಗದದ ಸುರುಳಿ ಮಾತ್ರ. ನಾನು ಅಡಿಗೆಮನೆಯಿಂದ ಪ್ಲಾಸ್ಟಿಕ್ ಮಗ್ ತೆಗೆದುಕೊಂಡು ಹೋಗಿ, ನಮ್ಮೂರಿನ ಪದ್ಧತಿಯಂತೆ ತೊಳೆದುಕೊಂಡು, ಆಮೇಲೆ ಸ್ವಚ್ಛವಾಗಿರಲಿ ಎಂದು ಕಮೋಡಿನ ಸುತ್ತ ನಾಲ್ಕು ಮಗ್ ನೀರು ಚೆಲ್ಲಿ ಬಂದೆ. ಅರ್ಧ ಗಂಟೆಯಲ್ಲಿ ಕೆಳಗಿನಿಂದ ಮಗಳ ದನಿ: "ಅವ್ವಾ, ಮ್ಯಾಲಿಂದ ನೀರ ಸೋರಾಕತ್ತಾವ!" ಕೆಳಗಿನ ಪಡಸಾಲೆಯ ಛಾವಣಿ ತೊಯ್ದು ಉಬ್ಬಿತ್ತು.

ಮಗಳು ಸಿಟ್ಟಾಗಲಿಲ್ಲ. ಆದರೆ ಅವತ್ತು ನನಗೆ ಒಂದು ಸಂಗತಿ ತಿಳಿಯಿತು. ನಮ್ಮ ಬಚ್ಚಲು, ಸಂಡಾಸದ ನೆಲ ಕಲ್ಲಿನದು ಅಥವಾ ಫರಸಿಯದು. ಒಂದು ಮೂಲೆಗೆ ಇಳಿಜಾರು ಕೊಟ್ಟು ಮೋರಿ ಬಿಟ್ಟಿರುತ್ತೇವೆ. ನೀರು ಎಷ್ಟು ಚೆಲ್ಲಿದರೂ ಹರಿದು ಹೋಗುತ್ತದೆ. ಅಮೆರಿಕದ ಹೆಚ್ಚಿನ ಮನೆಗಳು ಕಟ್ಟಿಗೆಯ ಚೌಕಟ್ಟಿನವು. ಅಲ್ಲಿನ ಸ್ನಾನದ ಕೋಣೆಯ ನೆಲದಲ್ಲಿ ಮೋರಿಯೇ ಇರುವುದಿಲ್ಲ. ನೀರು ಬೀಳಬೇಕಾದ ಜಾಗಗಳು ಮೂರೇ: ಸ್ನಾನದ ತೊಟ್ಟಿ, ಬೇಸಿನ್, ಕಮೋಡು. ಉಳಿದ ನೆಲ ನಮ್ಮ ದೇವರ ಮನೆಯಷ್ಟೇ ಒಣಗಿರಬೇಕು. ನೀರಿನ ಮೇಲೆ ಅವರಿಗೆ ದ್ವೇಷವಿದೆ ಎಂದಲ್ಲ, ಚೆಲ್ಲಿದ ನೀರು ಹೋಗಲು ಅಲ್ಲಿ ದಾರಿ ಇಲ್ಲ ಅಷ್ಟೇ. ಯಾವ ದೇಶಕ್ಕೆ ಹೋದರೂ ಕಾಗದವೋ ನೀರೋ ಎಂದು ವಾದ ಹೂಡುವ ಮೊದಲು ನೆಲದಲ್ಲಿ ಮೋರಿ ಇದೆಯೇ ನೋಡಿ. ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದು ಅರ್ಧ ಅಲ್ಲೇ ತಿಳಿಯುತ್ತದೆ.

ಊರು ಬಿಡುವ ಮೊದಲು

ಮಕ್ಕಳಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಸ್ನಾನದ ಕೋಣೆಯ ನೆಲದಲ್ಲಿ ಮೋರಿ ಇದೆಯೇ? ಬಳಸಿದ ಕಾಗದವನ್ನು ಕಮೋಡಿನಲ್ಲೇ ಹಾಕಬೇಕೋ, ಬುಟ್ಟಿಗೆ ಹಾಕಬೇಕೋ? ನಾವು ಬರುವುದರೊಳಗೆ ನೀರಿನ ಪಿಚಕಾರಿ ಕೂಡಿಸಲು ಆಗುತ್ತದೆಯೇ?

ಮೂರನೆಯದನ್ನು ಒತ್ತಾಯ ಮಾಡಿಯೇ ಕೇಳಿ. ಕಮೋಡಿನ ಸೀಟಿನ ಕೆಳಗೆ ಕೂಡಿಸುವ, ತೊಳೆದುಕೊಳ್ಳಲು ನೀರು ಚಿಮ್ಮಿಸುವ ಬಿಡೆ ಎಂಬ ಸಾಧನ ಅಲ್ಲಿ ಸುಲಭವಾಗಿ ಸಿಗುತ್ತದೆ. ಸೀಟು ಬಿಚ್ಚಿ, ಅದರಡಿ ಇದನ್ನಿಟ್ಟು, ಕಮೋಡಿನ ಹಿಂದಿನ ಫ್ಲಶ್ ತೊಟ್ಟಿಗೆ ನೀರು ಹೋಗುವ ಕೊಳವೆಗೆ ಒಂದು ಕವಲು ಕೊಟ್ಟರೆ ಮುಗಿಯಿತು. ಸಾದಾ ನಮೂನೆಗೆ ಕರೆಂಟೂ ಬೇಡ. 2020ರಲ್ಲಿ ಕೊರೊನಾ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಖಾಲಿಯಾದಾಗ ಅಲ್ಲಿನವರೇ ಇವನ್ನು ಮುಗಿಬಿದ್ದು ಕೊಂಡರು. ಬಾಡಿಗೆ ಮನೆಯಾದರೆ ಮಾಲೀಕರನ್ನು ಒಂದು ಮಾತು ಕೇಳಲಿ. ನಮ್ಮ ಮನೆಯಲ್ಲಿರುವಂಥ ಕೈಯಲ್ಲಿ ಹಿಡಿಯುವ ಜೆಟ್ ಸ್ಪ್ರೇಯನ್ನೇ ಕೂಡಿಸಿದರೆ ಒಂದು ಎಚ್ಚರ ಬೇಕು: ಪ್ರತಿ ಸಲ ಬಳಸಿದ ಮೇಲೆ ಗೋಡೆಯ ಹತ್ತಿರದ ಕವಲಿನ ನಳ ಬಂದ್ ಮಾಡಬೇಕು. ಸದಾ ಒತ್ತಡದಲ್ಲಿರುವ ಕೊಳವೆ ಯಾವತ್ತೋ ಒಂದು ದಿನ ಒಡೆದರೆ, ಮೋರಿ ಇಲ್ಲದ ನೆಲದಲ್ಲಿ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ.

ಮನೆಯಲ್ಲಿ ಇಂಡಿಯನ್ ಸಂಡಾಸ ಮಾತ್ರ ಇದ್ದವರು ಹೋಗುವ ಮುಂಚೆ ಒಂದು ವಾರ ಬೀಗರ ಮನೆಯಲ್ಲೋ ಗೆಳತಿಯ ಮನೆಯಲ್ಲೋ ಕಮೋಡಿನ ಮೇಲೆ ಕೂಡುವ ರೂಢಿ ಮಾಡಿಕೊಳ್ಳಿ. ಮಂಡಿನೋವಿನವರಿಗೆ ಅದು ಹಿತವೇ. ಆದರೆ ಜೀವಮಾನವಿಡೀ ಕುಕ್ಕರಗಾಲಲ್ಲಿ ಕೂತವರಿಗೆ ಕಮೋಡಿನ ಮೇಲೆ ಹೊಟ್ಟೆ ಸಾಫಾಗುವುದಿಲ್ಲ ಎಂಬುದು ನಿಜ. ಕುಕ್ಕರಗಾಲಲ್ಲಿ ಕೂತಾಗ ತೊಡೆ ಹೊಟ್ಟೆಯ ಕಡೆ ಬರುತ್ತದೆ, ಕರುಳಿನ ಕೊನೆಯ ತಿರುವು ನೇರವಾಗುತ್ತದೆ. ಕಮೋಡಿನ ಮೇಲೆ ಆ ತಿರುವು ಹಾಗೇ ಉಳಿಯುತ್ತದೆ. ಇದಕ್ಕೆ ಉಪಾಯ, ಕಾಲ ಕೆಳಗೆ ಒಂದು ಮಣೆ. ಗೇಣೆತ್ತರದ ಮಣೆಯ ಮೇಲೆ ಪಾದವಿಟ್ಟು, ಸ್ವಲ್ಪ ಮುಂದಕ್ಕೆ ಬಾಗಿ ಕೂತರೆ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತದೆ. ಕಮೋಡಿನ ಸೀಟಿನ ಮೇಲೆ ಕಾಲಿಟ್ಟು ಹತ್ತಿ ಕೂಡುವುದನ್ನು ಮಾತ್ರ ಎಂದೂ ಮಾಡಬೇಡಿ. ಸೀಟು ಜಾರಿದರೆ ಬೀಳುತ್ತೀರಿ. ಪಿಂಗಾಣಿ ಒಡೆದರೆ ಅದರ ಅಂಚು ಮೈಯನ್ನು ಸೀಳಿಬಿಡುತ್ತದೆ.

ಕಾಗದದ ರೂಢಿಯನ್ನೂ ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ನಾನು ನಮ್ಮ ತಂಗಿಗೆ ಹೇಳಿಕೊಟ್ಟ ಕ್ರಮ ಇದು. ಮೂರು ನಾಲ್ಕು ಪದರ ಮಡಚಿ ಒಣ ಕಾಗದದಿಂದ ಮೊದಲು ಒರೆಸಿಕೊಳ್ಳಿ. ಆಮೇಲೆ ಎರಡು ಮಡಿಕೆಯನ್ನು ನೀರಿನಲ್ಲಿ ತುಸು ತೇವ ಮಾಡಿ ಒರೆಸಿ. ಕೊನೆಗೆ ಒಣದು. ಯಾವಾಗಲೂ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಬೇಡ. ಹೆಂಗಸರಿಗೆ ಮೂತ್ರದ ಸೋಂಕು ತಗಲುವ ದಾರಿ ಅದೇ. ಪಿಚಕಾರಿ ಇದ್ದರೂ ಇದೇ ನಿಯಮ. ಮೂಲವ್ಯಾಧಿ ಇದ್ದವರು ಗಸಗಸ ತಿಕ್ಕಬೇಡಿ, ಒತ್ತಿ ತೆಗೆಯಿರಿ.

ವಿಮಾನದಲ್ಲಿ

ಒಂದು ಚಿಕ್ಕ ಖಾಲಿ ನೀರಿನ ಬಾಟಲಿ ಕೈಚೀಲದಲ್ಲಿರಲಿ. ತುಂಬಿದ ಬಾಟಲಿಯನ್ನು ತಪಾಸಣೆಯಲ್ಲಿ ತೆಗೆಸುತ್ತಾರೆ, ಖಾಲಿಯದನ್ನು ಬಿಡುತ್ತಾರೆ. ಒಳಗೆ ಹೋದ ಮೇಲೆ ತುಂಬಿಸಿಕೊಳ್ಳಿ. ವಿಮಾನದ ಸಂಡಾಸದಲ್ಲಿ ಈ ಬಾಟಲಿಯೇ ನಿಮ್ಮ ಚರಗಿ. ನೆಲದ ಮೇಲೆ ಹನಿ ಬಿದ್ದರೆ ಒರೆಸುವ ಕಾಗದದಿಂದ ಒರೆಸಿ ಬನ್ನಿ, ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ.

ಅಲ್ಲಿ ಫ್ಲಶ್ ಒತ್ತಿದರೆ ನೀರು ಸುರಿಯುವುದಿಲ್ಲ. ಗಾಳಿಯ ಎಳೆತದಿಂದ ಎಲ್ಲವೂ ಒಮ್ಮೆಲೇ ಒಳಗೆ ಹೋಗುತ್ತದೆ, ಗುಡುಗಿದಂಥ ಸದ್ದಾಗುತ್ತದೆ. ಮುಚ್ಚಳ ಹಾಕಿ ಒತ್ತಿದರೆ ಎದೆ ಝಲ್ಲೆನ್ನುವುದಿಲ್ಲ. ಬೇಸಿನ್ನಿನ ನೀರು ಕೈ ತೊಳೆಯಲಷ್ಟೇ, ಕುಡಿಯಬೇಡಿ. ಟಿಕೆಟ್ ತೆಗೆಸುವಾಗಲೇ ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ. ಊಟ ಕೊಟ್ಟ ಮೇಲೆ ಸಾಲು ಹನುಮಂತನ ಬಾಲವಾಗುತ್ತದೆ, ಊಟಕ್ಕೆ ಮೊದಲೇ ಹೋಗಿ ಬನ್ನಿ.

ಇನ್ನೊಂದು ಉಪಯೋಗದ ಮಾತು. ದುಬೈ ಅಥವಾ ದೋಹಾ ಮೇಲೆ ಹೋಗುವವರು ಅಲ್ಲಿನ ವಿಮಾನ ನಿಲ್ದಾಣದಲ್ಲೇ ಸಾವಕಾಶವಾಗಿ ಮುಗಿಸಿಕೊಳ್ಳಿ. ಅರಬ್ ದೇಶಗಳಲ್ಲಿ ಶಟ್ಟಾಫ್ ಎನ್ನುವ ಕೈಪಿಚಕಾರಿ ಇರುತ್ತದೆ, ನಮ್ಮ ಜೆಟ್ ಸ್ಪ್ರೇಯೇ ಅದು. ನೀರಿನಿಂದ ಶುದ್ಧಿ ಮಾಡಿಕೊಳ್ಳುವುದು ಮುಸಲ್ಮಾನರ ಆಚಾರದ ಭಾಗ. ಎಡಗೈಯಿಂದ ತೊಳೆದುಕೊಳ್ಳುವ ನಿಯಮವೂ ನಮ್ಮಲ್ಲಿದ್ದಂತೆಯೇ. ಹುಬ್ಬಳ್ಳಿಯಲ್ಲಿ ಅಕ್ಕಪಕ್ಕದಲ್ಲೇ ಬೆಳೆದ ನಮಗೆ ಅದು ಹೊಸದಲ್ಲ. ಫ್ರಾಂಕ್‌ಫರ್ಟ್, ಲಂಡನ್ ಮೇಲೆ ಹೋಗುವವರಿಗೆ ಈ ಸೌಕರ್ಯ ಸಿಗುವುದಿಲ್ಲ, ಬಾಟಲಿಯನ್ನೇ ನಂಬಬೇಕು.

ಅಮೆರಿಕದ ಮನೆಯಲ್ಲಿ

ಅಲ್ಲಿನ ಕಮೋಡಿನಲ್ಲಿ ನೀರು ಮೇಲೆ ಮೇಲೆಯೇ ನಿಂತಿರುತ್ತದೆ. ಕಟ್ಟಿಕೊಂಡಿದೆ ಎಂದು ಗಾಬರಿಯಾಗಬೇಡಿ, ಅದರ ರಚನೆಯೇ ಹಾಗೆ. ಒಳಗಿನ ಡೊಂಕು ಕೊಳವೆ ತುಂಬಿಕೊಂಡು ತಾನೇ ಎಳೆದುಕೊಳ್ಳುತ್ತದೆ. 1992ರ ಕಾನೂನಿನ ಪ್ರಕಾರ ಅಲ್ಲಿನ ಹೊಸ ಮನೆಗಳ ಕಮೋಡು ಒಂದು ಫ್ಲಶ್‌ಗೆ ಸುಮಾರು 6 ಲೀಟರಿಗಿಂತ ಹೆಚ್ಚು ನೀರು ಬಳಸುವಂತಿಲ್ಲ. ಅಷ್ಟು ನೀರಿನಲ್ಲಿ ಕಾಗದದ ರಾಶಿ ಸಾಗುವುದಿಲ್ಲ. ಆದ್ದರಿಂದ ನಡುವೆ ಒಮ್ಮೆ ಫ್ಲಶ್ ಮಾಡಿ, ಕೊನೆಗೆ ಇನ್ನೊಮ್ಮೆ ಮಾಡಿ.

ಹಾಗೆ ಮಾಡಿಯೂ ಕಟ್ಟಿಕೊಂಡು ನೀರು ಮೇಲೇರತೊಡಗಿದರೆ ಮತ್ತೆ ಫ್ಲಶ್ ಒತ್ತಲೇಬೇಡಿ. ನೂರಕ್ಕೆ ತೊಂಬತ್ತು ಜನ ಗಾಬರಿಯಲ್ಲಿ ಮಾಡುವ ತಪ್ಪು ಅದೇ, ಕೋಣೆ ತುಂಬ ನೀರಾಗುವುದು ಆ ಎರಡನೇ ಒತ್ತಿನಿಂದಲೇ. ಕಮೋಡಿನ ಹಿಂದೆ, ಗೋಡೆಯ ಬುಡದಲ್ಲಿ ಚಿಕ್ಕ ನಳವೊಂದಿರುತ್ತದೆ. ಅದನ್ನು ಬಲಕ್ಕೆ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ನೀರು ನಿಲ್ಲುತ್ತದೆ. ಆಮೇಲೆ ಮೂಲೆಯಲ್ಲಿಟ್ಟಿರುವ ರಬ್ಬರ್ ಬಟ್ಟಲಿನ ಕೋಲನ್ನು ರಂಧ್ರಕ್ಕೆ ಸರಿಯಾಗಿ ಕೂಡಿಸಿ ನಿಧಾನ ಒತ್ತಿ, ಎಳೆಯಿರಿ. ಎಂಟು ಹತ್ತು ಸಲ ಮಾಡಿದರೆ ಬಿಡುತ್ತದೆ. ಹೋದ ಮೊದಲ ದಿನವೇ ಮಗಳಿಂದ ಆ ನಳವನ್ನು ತೋರಿಸಿಕೊಳ್ಳಿ. ಕಟ್ಟಿಕೊಂಡ ಮೇಲೆ ಹುಡುಕುವ ವಸ್ತುವಲ್ಲ ಅದು.

ಜಳಕದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ತೊಟ್ಟಿಯೊಳಗೆ ನಿಂತು ಸ್ನಾನ ಮಾಡುವಾಗ ಪ್ಲಾಸ್ಟಿಕ್ ಪರದೆಯ ಅಂಚು ತೊಟ್ಟಿಯ ಒಳಗೆ ಇಳಿಬಿದ್ದಿರಬೇಕು. ಹೊರಗೆ ಬಿಟ್ಟರೆ ಪರದೆಯಿಂದ ಇಳಿದ ನೀರೆಲ್ಲ ನೆಲಕ್ಕೆ. ತೊಟ್ಟಿ ಜಾರುತ್ತದೆ, ಒಳಗೆ ರಬ್ಬರ್ ಚಾಪೆ ಹಾಕಿಸಿಕೊಳ್ಳಿ. ಬಕೆಟ್, ಮಗ್ ಬೇಕೆಂದರೆ ತೊಟ್ಟಿಯೊಳಗೇ ಇಟ್ಟುಕೊಂಡು ಮೈ ತೊಳೆಯಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮಗಳು ನನಗೆ ಎರಡನೇ ಸಲ ಹೋದಾಗ ಕೆಂಪು ಬಕೆಟ್ ತಂದಿಟ್ಟಿದ್ದಳು.

ಮಾಲು, ಅಂಗಡಿಗಳಲ್ಲಿ ಸಂಡಾಸ ಕೇಳಬೇಕಾದರೆ ಅಮೆರಿಕದಲ್ಲಿ "ರೆಸ್ಟ್‌ರೂಮ್" ಎನ್ನಿ, ಕೆನಡಾದಲ್ಲಿ "ವಾಶ್‌ರೂಮ್", ಇಂಗ್ಲೆಂಡಿನಲ್ಲಿ "ಟಾಯ್ಲೆಟ್" ಎಂದರೇ ಸರಿ. ಅಮೆರಿಕದ ಸಾರ್ವಜನಿಕ ಸಂಡಾಸಗಳ ಬಾಗಿಲು ನೆಲಕ್ಕೆ ಮುಟ್ಟುವುದಿಲ್ಲ, ಪಕ್ಕದಲ್ಲಿ ಸಂದಿಯೂ ಇರುತ್ತದೆ. ನನಗೆ ಬಹಳ ಮುಜುಗರವಾಯಿತು. ಅಲ್ಲಿನವರು ಆ ಕಡೆ ನೋಡುವುದೇ ಇಲ್ಲ ಎಂದು ಗೊತ್ತಾದ ಮೇಲೆ ರೂಢಿಯಾಯಿತು. ಸಂದಿ ಇಲ್ಲದ ಜಾಗವೇ ಬೇಕಾದರೆ ಕುಟುಂಬದವರು ಒಟ್ಟಿಗೆ ಬಳಸುವ ಬೇರೆ ಕೋಣೆ ಇದೆಯೇ ಕೇಳಿ, ಅನೇಕ ಕಡೆ ಇರುತ್ತದೆ.

ಕಾಗದ ಎಲ್ಲಿಗೆ ಹಾಕಬೇಕು

ಇದರ ಉತ್ತರ ದೇಶಕ್ಕೊಂದು ತರ. ಅಮೆರಿಕ, ಇಂಗ್ಲೆಂಡ್, ಜರ್ಮನಿ, ಜಪಾನ್‌ಗಳಲ್ಲಿ ಟಾಯ್ಲೆಟ್ ಪೇಪರ್ ಕಮೋಡಿಗೇ ಹೋಗಬೇಕು. ಬುಟ್ಟಿಗೆ ಹಾಕಿದರೆ ಮನೆಯವರಿಗೆ ಅಸಹ್ಯ. ಗ್ರೀಸ್, ಮೆಕ್ಸಿಕೊ, ಬ್ರೆಜಿಲ್‌ನ ಬಹಳ ಕಡೆ ಕೊಳವೆ ಸಣ್ಣವು, ಹಳೆಯವು. ಅಲ್ಲಿ ಕಮೋಡಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ, ಬುಟ್ಟಿಗೇ ಹಾಕಬೇಕು. ಸಂಡಾಸದ ಗೋಡೆಯ ಮೇಲೆ ಚೀಟಿ ಅಂಟಿಸಿರುತ್ತಾರೆ, ಓದದೆ ಒಳಗೆ ಹೋಗಬೇಡಿ. ಚೀನಾದ ಸಾರ್ವಜನಿಕ ಸಂಡಾಸಗಳಲ್ಲಿ ಎಷ್ಟೋ ಸಲ ಕಾಗದವೇ ಇರುವುದಿಲ್ಲ, ಕಿಸೆಯಲ್ಲಿ ಇಟ್ಟುಕೊಂಡೇ ಹೋಗಬೇಕು.

ಒದ್ದೆ ಒರಸುಬಟ್ಟೆ, ಅಂದರೆ ವೆಟ್ ವೈಪ್ಸ್, ಯಾವ ದೇಶದಲ್ಲೂ ಕಮೋಡಿಗೆ ಹಾಕಬೇಡಿ. ಪೊಟ್ಟಣದ ಮೇಲೆ ಹಾಕಬಹುದೆಂದು ಬರೆದಿದ್ದರೂ ಬೇಡ. ಕಾಗದ ಕರಗುವಂತೆ ಅದು ನೀರಿನಲ್ಲಿ ಕರಗುವುದಿಲ್ಲ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಕೆಳಗಿನ ಗಟಾರದಲ್ಲಿ ಜಿಡ್ಡು ಮತ್ತು ಇಂಥ ಬಟ್ಟೆಗಳು ಸೇರಿ ಹೆಪ್ಪುಗಟ್ಟಿದ ಗಡ್ಡೆ ಸಿಕ್ಕಿತು. 250 ಮೀಟರ್ ಉದ್ದ, 130 ಟನ್ ತೂಕ. ಮನುಷ್ಯರು ಒಳಗಿಳಿದು ವಾರಗಟ್ಟಲೆ ಒಡೆದು ತೆಗೆಯಬೇಕಾಯಿತು.

ಜರ್ಮನಿಯ ಬ್ರಶ್ಶು ಮತ್ತು ನಮ್ಮ ಸವಣೂರು

ಮಗನ ಮನೆಗೆ ಹೋದಾಗ ಅವನು ಮೊದಲು ಹೇಳಿದ್ದು ಅವರಪ್ಪನಿಗೆ: "ಅಪ್ಪಾ, ಇಲ್ಲಿ ಗಂಡಸ್ರೂ ಒಂದಕ್ಕ ಕುಂತs ಹೋಗ್ಬೇಕ್ರಿ." ನಿಂತರೆ ಸೀಟಿನ ಮೇಲೆ, ನೆಲದ ಮೇಲೆ ಹನಿ ಸಿಡಿಯುತ್ತದೆ, ಅದನ್ನು ಒರೆಸುವವರು ಯಾರು ಎಂಬುದು ಅವರ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಚಿತ್ರದ ಚೀಟಿಯನ್ನೇ ಹಚ್ಚಿರುತ್ತಾರೆ. ನಮ್ಮ ಮನೆಯವರಿಗೆ ಎರಡು ದಿನ ಕಷ್ಟವೆನಿಸಿತು, ಆಮೇಲೆ ಮಂಡಿಗೂ ಆರಾಮ ಎಂದರು. ಧಾರವಾಡಕ್ಕೆ ಬಂದ ಮೇಲೂ ಆ ರೂಢಿ ಬಿಟ್ಟಿಲ್ಲ.

ಜರ್ಮನಿಯ ಹಳೆಯ ಕಮೋಡುಗಳಲ್ಲಿ ಮಲ ನೀರಿಗೆ ಬೀಳುವುದಿಲ್ಲ, ಒಳಗೊಂದು ಚಪ್ಪಟೆ ಕಟ್ಟೆ ಇರುತ್ತದೆ. ಫ್ಲಶ್ ಮಾಡಿದ ಮೇಲೂ ಗುರುತು ಉಳಿಯುತ್ತದೆ. ಅದಕ್ಕೇ ಪಕ್ಕದಲ್ಲಿ ಬ್ರಶ್ಶು. ಎದ್ದ ಮೇಲೆ ತಿರುಗಿ ನೋಡಿ, ಬ್ರಶ್ಶಿನಿಂದ ತಿಕ್ಕಿ, ಮತ್ತೆ ಫ್ಲಶ್ ಮಾಡಿ ಬರಬೇಕು. ಅತಿಥಿಯಾದರೂ ಇದಕ್ಕೆ ವಿನಾಯಿತಿ ಇಲ್ಲ. ಅವರವರ ಗುರುತನ್ನು ಅವರವರೇ ಅಳಿಸಬೇಕು.

ಆ ಬ್ರಶ್ಶು ಹಿಡಿದಾಗ ನನಗೆ ನಮ್ಮ ಕಡೆಯದೇ ಸಂಗತಿ ನೆನಪಾಯಿತು. ನಾನು ಚಿಕ್ಕವಳಿದ್ದಾಗ ಊರಲ್ಲಿ ಡಬ್ಬಿ ಸಂಡಾಸಗಳಿದ್ದವು. ಹಿಂದಿನ ಗಲ್ಲಿಯಿಂದ ಬಂದು, ತುಂಬಿದ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಒಯ್ಯುವವರಿದ್ದರು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಮಲ ಬಳಿದ ಭಂಗಿ ಸಮುದಾಯದವರು, ಇದ್ದ ಜಾಗದಿಂದ ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಬೇಕಾಯಿತು. ಕೈಯಿಂದ ಮಲ ಬಳಿಯುವ ಕೆಲಸವನ್ನು ತಡೆಯಲು ದೇಶಕ್ಕೆ 2013ರಲ್ಲಿ ಮತ್ತೊಂದು ಕಾನೂನು ಬಂತು. ನೀರಿನಿಂದ ತೊಳೆದುಕೊಳ್ಳುವ ನಾವೇ ಶುದ್ಧ ಎಂದು ನಾವು ಹೇಳುತ್ತೇವೆ. ಮೈ ಶುದ್ಧವಾಯಿತು, ಸರಿ. ಸಂಡಾಸವನ್ನು ಶುದ್ಧ ಮಾಡಿದವರು ಯಾರು ಎಂದು ಕೇಳಿಕೊಂಡವರು ಕಡಿಮೆ. ಪರದೇಶದಿಂದ ನಾನು ಮನೆಗೆ ತಂದ ಪದ್ಧತಿ ಇದೊಂದು. ನಮ್ಮ ಮನೆಯಲ್ಲಿ ಈಗ ಪ್ರತಿ ಸಂಡಾಸಕ್ಕೂ ಬ್ರಶ್ಶಿದೆ, ಕೆಲಸದವಳಿಗೆ ಆ ಕೆಲಸ ಹೇಳುವುದಿಲ್ಲ.

ಯುರೋಪಿನಲ್ಲಿ ಹೊರಗೆ ತಿರುಗುವಾಗ ಕಿಸೆಯಲ್ಲಿ ಚಿಲ್ಲರೆ ಇರಲಿ. ಜರ್ಮನಿಯ ಹೆದ್ದಾರಿ, ರೈಲು ನಿಲ್ದಾಣಗಳಲ್ಲಿ ಸಂಡಾಸಕ್ಕೆ ಒಂದು ಯೂರೋ ತನಕ ಕೊಡಬೇಕಾಗುತ್ತದೆ. ಬಾಗಿಲಲ್ಲಿ ತಟ್ಟೆ ಇಟ್ಟುಕೊಂಡು ಕೂತ ಹೆಂಗಸು ಕಂಡರೆ ಅದರಲ್ಲಿ ಒಂದೆರಡು ನಾಣ್ಯ ಹಾಕಿ, ಸ್ವಚ್ಛ ಮಾಡುವವರು ಅವರೇ. ಫ್ರಾನ್ಸಿನ ಎಷ್ಟೋ ಮನೆಗಳಲ್ಲಿ ಸಂಡಾಸ ಬೇರೆ, ಸ್ನಾನದ ಕೋಣೆ ಬೇರೆ. ಕೈ ತೊಳೆಯಲು ಎಲ್ಲಿಗೆ ಹೋಗಬೇಕೆಂದು ಮೊದಲೇ ಕೇಳಿಕೊಳ್ಳಿ. ಇಂಗ್ಲೆಂಡಿನ ಎಷ್ಟೋ ಸ್ನಾನದ ಕೋಣೆ, ಸಂಡಾಸಗಳಲ್ಲಿ ದೀಪ ಹಚ್ಚಲು ಛಾವಣಿಯಿಂದ ಇಳಿಬಿದ್ದ ದಾರ ಎಳೆಯಬೇಕು. ಆದರೆ ಅಂಗವಿಕಲರ ಸಂಡಾಸದಲ್ಲಿ ಕೆಂಪು ದಾರವಿದ್ದರೆ ಎಳೆಯಬೇಡಿ, ಅದು ಬಿದ್ದವರು ಸಹಾಯಕ್ಕೆ ಕರೆಯುವ ಗಂಟೆ.

ನೀರು ಬಳಸುವವರು ನಾವಷ್ಟೇ ಅಲ್ಲ

ಬಿಳಿಯರೆಲ್ಲ ಕಾಗದದವರು ಎಂಬ ನಮ್ಮ ತಿಳಿವಳಿಕೆ ತಪ್ಪು. ಇಟಲಿಯಲ್ಲಿ ಕಮೋಡಿನ ಪಕ್ಕದಲ್ಲಿ ಒಂದು ಕುಳ್ಳ ಬೇಸಿನ್ ಇರುತ್ತದೆ, ಸೀಟಿನಡಿ ಕೂಡಿಸುವ ಸಾಧನದಂತೆ ಅದಕ್ಕೂ ಬಿಡೆ ಎಂದೇ ಹೆಸರು. ಮನೆಯ ಒಂದು ಸ್ನಾನದ ಕೋಣೆಯಲ್ಲಾದರೂ ಅದು ಇರಲೇಬೇಕೆಂದು 1975ರಲ್ಲಿ ಅಲ್ಲಿನ ಸರ್ಕಾರ ಆದೇಶ ಮಾಡಿದೆ. ಕಮೋಡಿನಲ್ಲಿ ಮುಗಿಸಿ, ಕಾಗದದಿಂದ ಒರೆಸಿ, ಆಮೇಲೆ ಇದರ ಮೇಲೆ ಕೂತು ನಳ ಬಿಟ್ಟು ಸಾಬೂನಿನಿಂದ ತೊಳೆದುಕೊಳ್ಳುತ್ತಾರೆ. ಪಕ್ಕದಲ್ಲಿ ತೂಗುಹಾಕಿದ ಚಿಕ್ಕ ಟವೆಲ್ ಅದಕ್ಕೇ ಮೀಸಲು, ಮುಖ ಒರೆಸಿಕೊಳ್ಳಬೇಡಿ. ಫಿನ್ಲೆಂಡಿನ ಮನೆಗಳಲ್ಲಿ ನಮ್ಮಂಥದೇ ಕೈಪಿಚಕಾರಿ ಇರುತ್ತದೆ. ಟರ್ಕಿಯಲ್ಲಿ ಕಮೋಡಿನೊಳಗೇ ಹಿಂದೆ ಒಂದು ಸಣ್ಣ ಕೊಳವೆ, ಅದರ ನಳ ಪಕ್ಕದ ಗೋಡೆಯಲ್ಲಿ. ಫಿಲಿಪೀನ್ಸಿನವರು ತಾಬೊ ಎನ್ನುವ, ಇಂಡೊನೇಷ್ಯಾದವರು ಗಾಯುಂಗ್ ಎನ್ನುವ ಹಿಡಿಕೆಯ ಮಗ್ ಇಟ್ಟುಕೊಳ್ಳುತ್ತಾರೆ. ಬಚ್ಚಲಿನಲ್ಲಿರುವ ನಮ್ಮ ಪ್ಲಾಸ್ಟಿಕ್ ಮಗ್ಗಿಗೂ ಅದಕ್ಕೂ ಫರಕಿಲ್ಲ. ಫಿಲಿಪೀನ್ಸಿನ ಎಷ್ಟೋ ಜನ ಪರದೇಶಕ್ಕೆ ಹೋಗುವಾಗ ತಾಬೊ ಕಟ್ಟಿಕೊಂಡೇ ಹೋಗುತ್ತಾರೆ.

ಎಲ್ಲರಿಗಿಂತ ಮುಂದೆ ಹೋದವರು ಜಪಾನಿಗಳು. ಅಲ್ಲಿ ಟೋಟೊ ಎಂಬ ಕಂಪನಿ 1980ರಲ್ಲಿ ಬೆಚ್ಚಗಿನ ನೀರು ಚಿಮ್ಮಿಸುವ ಸೀಟನ್ನು ಮಾರುಕಟ್ಟೆಗೆ ತಂದಿತು, ಈಗ ಹತ್ತರಲ್ಲಿ ಎಂಟು ಮನೆಗಳಲ್ಲಿ ಅಂಥ ಸೀಟಿದೆ. ಒಸಾಕಾದಲ್ಲಿ ಮಗನ ಮನೆಗೆ ಹೋಗಿದ್ದ ನಮ್ಮ ತಂಗಿ ಮೊದಲ ದಿನ ಪಕ್ಕದ ಗುಂಡಿಗಳನ್ನು ನೋಡಿ ಮುಟ್ಟದೆ ಎದ್ದು ಬಂದಿದ್ದಳು. ನೆನಪಿಡಬೇಕಾದ್ದು ಇಷ್ಟೇ: ಮೊದಲು ನಿಲ್ಲಿಸುವ ಗುಂಡಿ ಹುಡುಕಿ, ಅದರ ಮೇಲೆ ಚೌಕದ ಗುರುತಿರುತ್ತದೆ. ಆಮೇಲೆ ಕೂತವರ ಹಿಂಭಾಗದ ಚಿತ್ರವಿರುವುದನ್ನು ಒತ್ತಿ. ನೀರು ಚಿಮ್ಮುವಾಗ ಎದ್ದು ನಿಲ್ಲಬೇಡಿ. ಪರದೇಶದವರಿಗೆ ಗೊಂದಲವಾಗುತ್ತದೆಂದು ಅಲ್ಲಿನ ಕಂಪನಿಗಳು 2017ರಲ್ಲಿ ಒಟ್ಟು ಸೇರಿ ಈ ಚಿತ್ರಗಳನ್ನು ಒಂದೇ ನಮೂನೆಗೆ ತಂದಿವೆ. ಜಪಾನಿನ ಹಳೆಯ ಕುಕ್ಕರಗಾಲಿನ ಸಂಡಾಸದಲ್ಲಿ ಒಂದು ತುದಿಗೆ ಮೇಲೆದ್ದ ಮುಚ್ಚಿಗೆ ಇರುತ್ತದೆ, ಅದಕ್ಕೆ ಮುಖ ಮಾಡಿ ಕೂಡಬೇಕು. ಸಂಡಾಸಕ್ಕೆ ಅಲ್ಲಿ ಬೇರೆ ಚಪ್ಪಲಿ. ನಮ್ಮಲ್ಲೂ ಬಹಳ ಮನೆಗಳಲ್ಲಿ ಸಂಡಾಸದ ಬಾಗಿಲಿಗೆ ರಬ್ಬರ್ ಚಪ್ಪಲಿ ಬೇರೆ ಇಡುತ್ತೇವಲ್ಲ, ಹಾಗೆ. ಅದನ್ನು ಹಾಕಿಕೊಂಡೇ ಪಡಸಾಲೆಗೆ ಬಂದರೆ ಮನೆಯವರಿಗೆ ತುಂಬ ಇರುಸುಮುರುಸು.

ಕೈ ತೊಳೆಯುವುದಕ್ಕೆ ದೇಶಭೇದವಿಲ್ಲ. ಕಾಗದದವರು ಬರಿಗೈಯಿಂದ ತೊಳೆದುಕೊಳ್ಳುವುದನ್ನು ನೆನೆದು ಅಸಹ್ಯಪಡುತ್ತಾರೆ, ನಾವು ನೀರೇ ಇಲ್ಲದೆ ಒರೆಸುವುದನ್ನು ನೆನೆದು ಅಸಹ್ಯಪಡುತ್ತೇವೆ. ಸಾಬೂನು ಹಚ್ಚಿ ಬೆರಳ ಸಂದಿ, ಉಗುರ ಬುಡ, ಮುಂಗೈ ಎಲ್ಲ ಇಪ್ಪತ್ತು ಎಣಿಸುವ ತನಕ ತಿಕ್ಕಿ ತೊಳೆದರೆ ಇಬ್ಬರ ಕೈಯೂ ಶುದ್ಧವೇ. ನಮ್ಮ ಅಜ್ಜಿ ಬೂದಿ ಹಚ್ಚಿ ತಿಕ್ಕುತ್ತಿದ್ದಳು, ನಮ್ಮ ಕಾಲಕ್ಕೆ ಸಾಬೂನಿದೆ. ಇನ್ನೊಂದು ಸೂಕ್ಷ್ಮ: ಅಲ್ಲಿನವರು ಎಡಗೈಯಿಂದ ಏನಾದರೂ ಕೊಟ್ಟರೆ ಅವಮಾನವೆಂದು ತಿಳಿಯಬೇಡಿ. ಅವರ ಎಡಗೈಗೆ ನಮ್ಮ ಎಡಗೈಯ ಕೆಲಸವಿಲ್ಲ, ಆದ್ದರಿಂದ ಎಡ ಬಲದ ಭೇದವೂ ಇಲ್ಲ.

ಅವರು ನಮ್ಮ ಮನೆಗೆ ಬಂದಾಗ

ಪರದೇಶದ ಅಳಿಯ, ಸೊಸೆ, ಬೀಗರು ಈಗ ನಮ್ಮ ಮನೆಗಳಿಗೂ ಬರುತ್ತಾರೆ. ನಾವು ಅಲ್ಲಿ ಪಟ್ಟ ಸಂಕೋಚವನ್ನೇ ಅವರು ಇಲ್ಲಿ ಪಡುತ್ತಾರೆ, ಬಾಯಿ ಬಿಟ್ಟು ಹೇಳುವುದಿಲ್ಲ. ಬಂದ ಅರ್ಧ ಗಂಟೆಯೊಳಗೆ, ಚಹಾ ಕೊಡುವ ಮೊದಲೇ, ಮನೆಯ ಹುಡುಗರಲ್ಲಿ ಒಬ್ಬರು ಕರೆದುಕೊಂಡು ಹೋಗಿ ತೋರಿಸಲಿ. ಟಾಯ್ಲೆಟ್ ಪೇಪರಿನ ಸುರುಳಿ ನೀರು ಸಿಡಿಯದ ಎತ್ತರದಲ್ಲಿರಲಿ. ಕಾಲಿನಿಂದ ಒತ್ತಿ ತೆರೆಯುವ ಮುಚ್ಚಳದ ಬುಟ್ಟಿ ಇರಲಿ. ಹಳೆಯ ಮನೆಯಾದರೆ, ಸೆಪ್ಟಿಕ್ ಗುಂಡಿಯಾದರೆ, ಕಾಗದ ಬುಟ್ಟಿಗೇ ಎಂದು ಸ್ಪಷ್ಟವಾಗಿ ಹೇಳಿ. ಕಮೋಡಿಗೆ ಹಾಕುವುದೇ ಅವರಿಗೆ ಸಭ್ಯತೆ, ಹೇಳದಿದ್ದರೆ ಗೊತ್ತಾಗುವುದಿಲ್ಲ. ಜೆಟ್ ಸ್ಪ್ರೇಯ ರಭಸ ಎಷ್ಟೆಂದು ಕಮೋಡಿನೊಳಗೆ ಒಮ್ಮೆ ಬಿಟ್ಟು ತೋರಿಸಿ.

ಅವರಿಗೆ ಎಲ್ಲಕ್ಕಿಂತ ಕಷ್ಟ ಒದ್ದೆ ನೆಲ. ಪ್ಯಾಂಟಿನ ತುದಿ ತೊಯ್ಯುತ್ತದೆ, ಕಾಲು ಜಾರುತ್ತದೆ. ಅವರ ಅಳತೆಯ ರಬ್ಬರ್ ಚಪ್ಪಲಿ ಒಂದು ಜೊತೆ ತಂದಿಡಿ, ಬಾಗಿಲ ಹಿಂದೆ ಎತ್ತರದಲ್ಲಿ ಎರಡು ಕೊಕ್ಕೆ ಬಡಿಸಿ, ಅವರು ಹೋಗುವ ಮುಂಚೆ ವೈಪರಿನಿಂದ ನೀರು ಎಳೆದುಬಿಡಿ. ಇಂಡಿಯನ್ ಸಂಡಾಸ ಮಾತ್ರ ಇದ್ದರೆ ಗೋಡೆಗೆ ಗಟ್ಟಿ ಹಿಡಿಕೆ ಹಾಕಿಸಿ. ಅದು ನಾಳೆ ನಮ್ಮ ಮುಪ್ಪಿಗೂ ಬೇಕಾಗುತ್ತದೆ. ಲಕ್ಕುಂಡಿಯ ಗುಡಿಗಳಿಗೆ, ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಕರೆದುಕೊಂಡು ಹೋಗುವ ದಿನ ಗಾಡಿಯಲ್ಲಿ ಒಂದು ಸುರುಳಿ ಪೇಪರ್, ಸಾಬೂನು, ಎರಡು ಬಾಟಲಿ ನೀರು ಇಟ್ಟುಕೊಳ್ಳಿ, ನಡುದಾರಿಯಲ್ಲಿ ಎಲ್ಲಿ ನಿಲ್ಲಬಹುದೆಂದು ಮೊದಲೇ ವಿಚಾರಿಸಿ ಇಡಿ.

ನೀರಿನ ಮಾತನ್ನೂ ಮುಚ್ಚಿಡಬೇಡಿ. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಮುಖ್ಯವಾಗಿ ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ. ಎಷ್ಟೋ ಬಡಾವಣೆಗಳಲ್ಲಿ ನಳಕ್ಕೆ ದಿನಾ ನೀರು ಬರುವುದಿಲ್ಲ, ಗದಗ-ಬೆಟಗೇರಿಯವರಿಗೆ ಈ ಕಷ್ಟ ಇನ್ನೂ ಚೆನ್ನಾಗಿ ಗೊತ್ತು. ನಳ ತಿರುಗಿಸಿದರೆ ಸದಾ ನೀರು ಬರುವ ದೇಶದಿಂದ ಬಂದವರಿಗೆ ಟಾಕಿ, ಡ್ರಮ್ಮು, ತುಂಬಿಟ್ಟ ಬಕೆಟ್ಟು ಯಾಕೆ ಎಂದು ತಿಳಿಯದು. ನಮ್ಮ ಅಳಿಯನಿಗೆ ನಾನು ಟಾಕಿಯ ಮುಚ್ಚಳ ತೆಗೆದು ತೋರಿಸಿ, ಮುಂದಿನ ನೀರು ಶುಕ್ರವಾರ ಎಂದು ಹೇಳಿದೆ. ಫ್ಲಶ್‌ನ ದೊಡ್ಡ ಗುಂಡಿ ಯಾವಾಗ, ಚಿಕ್ಕ ಗುಂಡಿ ಯಾವಾಗ ಎಂದು ಅವನೇ ಕೇಳಿ ತಿಳಿದುಕೊಂಡ. ಶುಕ್ರವಾರ ನಸುಕಿನಲ್ಲಿ ನಳದ ಸದ್ದಿಗೆ ಎದ್ದು ಬಂದು ನನ್ನ ಜೊತೆ ಡ್ರಮ್ಮು ತುಂಬಿಸಿದ.